ಜೆ.ಸಿ. ರಸ್ತೆಯ ಬಳಿ ಬೈಕಿನ ವೈರಿಂಗ್: ಒಂದು ಅಂಗಡಿಯ ವಿಮರ್ಶೆ

ಫಾಗ್ ಲ್ಯಾಂಪ್ ಮಾರುವ ಅಂಗಡಿಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬರವಿಲ್ಲ, ಅವನ್ನು ದೂರಪ್ರಯಾಣದ ಬೈಕಿಗೆ ಕ್ರಮಬದ್ಧವಾಗಿ ಜೋಡಿಸಿಕೊಡುವವರು ಮಾತ್ರ ವಿರಳ. ಅಲ್ಲಿನ ಅಡ್ಡರಸ್ತೆಯ ಕಿರಿದಾದ ಅಂಗಡಿಯೊಂದರಲ್ಲಿ ನನ್ನ ಬೈಕಿಗೆ ತಲಾ 40 ವ್ಯಾಟಿನ ಎರಡು ದೀಪಗಳನ್ನೂ ಒಂದು ಮೊಬೈಲ್ ಚಾರ್ಜರನ್ನೂ ಹಾಕಿಸಿಕೊಂಡು, ಮಳೆಗಾಲದ ಘಟ್ಟಗಳಲ್ಲಿ ಓಡಾಡಿದ ಬಳಿಕ ಇದನ್ನು ಬರೆಯುತ್ತಿದ್ದೇನೆ.

ಮೆಕ್ಯಾನಿಕ್ ತಂತಿ ಮುಟ್ಟುವ ಮೊದಲು ಲೆಕ್ಕ ಹಾಕಿದರು. 80 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 6.7 ಆಂಪಿಯರ್ ಬರುತ್ತದೆ. ಅದಕ್ಕೆ ತಕ್ಕಂತೆ 10 ಆಂಪಿಯರಿನ ಫ್ಯೂಸ್ ಆರಿಸಿ, ಬ್ಯಾಟರಿಯ ಧನಾಗ್ರದಿಂದ ಗೇಣುದ್ದದೊಳಗೇ ಕೂರಿಸಿದರು. ಫ್ಯೂಸ್ ಇರುವುದು ಮುಖ್ಯವಾಗಿ ತಂತಿ ಸುಡದಂತೆ ತಡೆಯಲು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ಚಾಸಿಗೆ ಉಜ್ಜಿ ಸವೆದರೆ ಅಷ್ಟು ಭಾಗಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಆ ಅಂತರ ಕಡಿಮೆಯಾದಷ್ಟೂ ಒಳ್ಳೆಯದು.

ದೀಪದ ಪೂರ್ಣ ವಿದ್ಯುತ್ತು ಹ್ಯಾಂಡಲಿನ ಸ್ವಿಚ್ಚಿನ ಮೂಲಕ ಹರಿಯದಂತೆ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದ ಹೆಚ್ಚಿನ ವಿದ್ಯುತ್ತನ್ನು ನಿಯಂತ್ರಿಸುವ ಸ್ವಿಚ್ಚು, ಅಳವಡಿಸಿದ್ದಾರೆ. ಫ್ಯೂಸಿನಿಂದ ಬಂದ ತಂತಿ ರಿಲೇಯ 30ನೇ ಪಿನ್ನಿಗೆ, ದೀಪಕ್ಕೆ ಹೋಗುವುದು 87ಕ್ಕೆ. 85 ಮತ್ತು 86ರ ನಡುವೆ ರಿಲೇಯನ್ನು ಚಾಲೂ ಮಾಡುವ ಕಾಯಿಲಿಗೆ (ತಂತಿಸುರುಳಿಗೆ) ಬೇಕಾದ ಅಲ್ಪ ವಿದ್ಯುತ್ತನ್ನಷ್ಟೇ ಸ್ವಿಚ್ಚು ಹೊರುತ್ತದೆ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿಯಿಂದ ಕಾಯಿಲಿಗೆ ಸಂಪರ್ಕ ಕೊಟ್ಟಿರುವುದರಿಂದ, ದೀಪ ಆರಿಸಲು ಮರೆತು ಕೀಲಿ ತೆಗೆದುಕೊಂಡು ಹೋದರೂ ಬ್ಯಾಟರಿ ಬರಿದಾಗುವುದಿಲ್ಲ. ಚಾರ್ಜರಿಗೆ ಬೇರೆಯೇ ಫ್ಯೂಸ್ ಇದೆ.

ತಂತಿಗಳನ್ನು ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸುವ ಅಭ್ಯಾಸ ಇಲ್ಲಿಲ್ಲ. (ಬಿಸಿಗೆ ಅಂಟು ಬಿಟ್ಟುಕೊಳ್ಳುವ ಆ ಟೇಪನ್ನು ನಂಬಿ ಮಳೆಯಲ್ಲಿ ಘಟ್ಟ ಹತ್ತುವವರ ಧೈರ್ಯ ದೊಡ್ಡದು.) ತಂತಿಯ ತುದಿಗೆ ಲೋಹದ ಟರ್ಮಿನಲ್‌ಗಳನ್ನು ಒತ್ತಿ ಬಿಗಿದು (ಕ್ರಿಂಪ್ ಮಾಡಿ), ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ದಾರೆ. ತಂತಿಗಳನ್ನು ಸೈಲೆನ್ಸರಿನಿಂದ ದೂರವಿರಿಸಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಎಲ್ಲಿಯೂ ಎಳೆದುಕೊಳ್ಳದಷ್ಟು ಸಡಿಲ ಬಿಟ್ಟ ಮೇಲೆಯೇ ತಂತಿ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಬಿಗಿದರು. ನನ್ನ ದೃಷ್ಟಿಯಲ್ಲಿ ಅಂಗಡಿಯ ನಿಜವಾದ ಯೋಗ್ಯತೆ ಕಾಣುವುದು ಇಲ್ಲಿಯೇ.

ಕೊರತೆಗಳೂ ಇವೆ. ಅಷ್ಟು ಲೆಕ್ಕ ಹಾಕಿದವರು, ಎಂಜಿನ್ ಓಡುವಾಗ ವಿದ್ಯುತ್ತು ಉತ್ಪಾದಿಸುವ ಬೈಕಿನ ಆಲ್ಟರ್ನೇಟರ್ ಎಷ್ಟು ವ್ಯಾಟ್ ಕೊಡುತ್ತದೆ, ಹೆಡ್‌ಲೈಟ್, ಇಗ್ನಿಷನ್ ಮುಂತಾದವುಗಳ ಬಳಕೆ ಕಳೆದು ಎಷ್ಟು ಉಳಿಯುತ್ತದೆ ಎಂಬುದನ್ನು ತಾವಾಗಿ ವಿಚಾರಿಸಲಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಐಡಲ್‌ನಲ್ಲಿರುವಾಗ ಉತ್ಪಾದನೆ ಇನ್ನೂ ಕುಗ್ಗುವುದರಿಂದ, ಈ ಊರಿನ ದಟ್ಟಣೆಯಲ್ಲಿ ದೀಪಗಳನ್ನು ಸದಾ ಉರಿಸುವವರಿಗೆ ಆ ಲೆಕ್ಕ ಅತ್ಯಗತ್ಯ. ಅವರು ಕೊಟ್ಟ ಸ್ವಿಚ್ಚಿನ ರಬ್ಬರ್ ಮುಚ್ಚಳವೂ ತೆಳುವಾಗಿದೆ. ನೀರು ಒಳಸೇರದ ಉತ್ತಮ ಸ್ವಿಚ್ಚನ್ನು ನೀವೇ ಕೊಂಡೊಯ್ಯುವುದು ಲೇಸು. ಮಜೂರಿ ಸುತ್ತಲಿನ ಅಂಗಡಿಗಳಿಗಿಂತ ಹೆಚ್ಚಾದರೂ ಕೆಲಸಕ್ಕೆ ತಕ್ಕುದಾಗಿದೆ. ಯಾವ ತಂತಿ ಎಲ್ಲಿಗೆ ಹೋಗಿದೆಯೆಂಬ ನಕ್ಷೆಯನ್ನು ಅವರಾಗಿ ಕೊಡುವುದಿಲ್ಲ, ಕೇಳಿದರೆ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಡುತ್ತಾರೆ, ಕೇಳಿ ಪಡೆಯಿರಿ.