ಬ್ಯಾಂಕ್ ಹರಾಜಿನ ಮನೆ: ಮೂರು ಕಡೆ ಹುಡುಕಿ ನೋಡಿದ್ದು

ಕಾರವಾರದ ಸುತ್ತಮುತ್ತ ಬ್ಯಾಂಕ್ ಹರಾಜಿಗೆ ಬಂದ ಮನೆಯೊಂದನ್ನು ಕೊಳ್ಳಬೇಕೆಂದು ಮೂರು ದಾರಿಗಳಲ್ಲಿ ಹುಡುಕಿದೆ. ಒಂದು, ಹರಾಜು ಸ್ವತ್ತುಗಳ ಪಟ್ಟಿ ಹಾಕುವ ಖಾಸಗಿ ಜಾಲತಾಣಗಳು. ಎರಡು, ಸರ್ಕಾರಿ ಬ್ಯಾಂಕುಗಳ ಹರಾಜಿಗೆಂದು 2025ರ ಜನವರಿಯಲ್ಲಿ ಶುರುವಾದ ಬ್ಯಾಂಕ್‌ನೆಟ್ ಪೋರ್ಟಲ್. ಮೂರು, ಪತ್ರಿಕೆಯಲ್ಲಿ ಬರುವ ಹರಾಜು ನೋಟಿಸು. ಮೊದಲನೆಯದನ್ನು ನಂಬಿ ಯಾರೂ ಒಂದು ರೂಪಾಯಿಯನ್ನೂ ಕಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಖಾಸಗಿ ತಾಣಗಳು ನೋಡಲು ಬಲು ಸೊಗಸು. ಊರಿನ ಹೆಸರು ಒತ್ತಿದರೆ ಸಾಲುಸಾಲು ಮನೆಗಳು, ಬೆಲೆ, ನಕ್ಷೆಯಲ್ಲಿ ಕೆಂಪು ಚುಕ್ಕೆ. ಬ್ಯಾಂಕಿನ ಹೆಸರು, ನೋಟಿಸಿನ ಪ್ರತಿ, ದೂರವಾಣಿ ಸಂಖ್ಯೆ ಬೇಕೆಂದರೆ ಮಾತ್ರ ಚಂದಾ ಕಟ್ಟಬೇಕು. ಒಂದು ತಾಣಕ್ಕೆ ಕಟ್ಟಿಯೇ ನೋಡಿದೆ. ಸಿಕ್ಕ ಸಂಖ್ಯೆ ಬ್ಯಾಂಕಿನದಲ್ಲ, ದಲ್ಲಾಳಿಯದು. ಕಾರವಾರ ನಗರದ ನಡುವೆ ಚುಕ್ಕೆ ಇಟ್ಟು ತೋರಿಸಿದ ಒಂದು ಮನೆಯ ಮೂಲ ನೋಟಿಸನ್ನು ಹುಡುಕಿ ತೆಗೆದಾಗ, ಅದು ಕಾಳಿ ನದಿಯ ಗುಂಟ ಒಳಗೆ, ಕದ್ರಾ ದಿಕ್ಕಿನ ಹಳ್ಳಿಯಲ್ಲಿತ್ತು. ತಾಲೂಕಿನ ಹೆಸರನ್ನೇ ಊರೆಂದು ಹಾಕಿದ್ದರು. ಶಿರಸಿ ಕಡೆಯ ಅಡಿಕೆ ತೋಟವೊಂದನ್ನೂ ಬ್ಯಾಂಕ್ ಹರಾಜಿನದೆಂದು ತೋರಿಸಿದ್ದರು. ಸರ್ಫೇಸಿ ಕಾಯ್ದೆ, ಅಂದರೆ ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಸ್ವತ್ತನ್ನು ಮಾರಲು ಬಳಸುವ 2002ರ ಕಾಯ್ದೆ, ಕೃಷಿ ಭೂಮಿಗೆ ಅನ್ವಯಿಸುವುದೇ ಇಲ್ಲ. ನೋಟಿಸಿನಲ್ಲಿ ಇದ್ದದ್ದು ತೋಟದ ಪಕ್ಕದ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಜಾಗ ಮತ್ತು ಅದರ ಮೇಲಿನ ಮನೆ ಮಾತ್ರ.

ಇವೆಲ್ಲ ಸಹಿಸಬಹುದಾದ ತಪ್ಪುಗಳು. ಸಹಿಸಲಾಗದ್ದು ಇನ್ನೊಂದಿದೆ. ಪಟ್ಟಿಯಲ್ಲಿದ್ದ ಸುಂಕೇರಿಯ ಮನೆಯೊಂದರ ಗೇಟಿನ ಬಳಿ ನಿಂತಾಗ ಹಿರಿಯ ಹೆಂಗಸೊಬ್ಬರು ಹೊರಗೆ ಬಂದು, “ನೀವೂ ಮೊಬೈಲಿನಲ್ಲಿ ನೋಡಿ ಬಂದವರೇ?” ಎಂದು ಕೇಳಿದರು. ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಬ್ಯಾಂಕಿನ ಪತ್ರ ತಂದು ತೋರಿಸಿದರು. ಸಾಲ ಪೂರ್ತಿ ತೀರಿತ್ತು, ಹರಾಜು ಎಂದೋ ರದ್ದಾಗಿತ್ತು. ತಾಣದಲ್ಲಿ ಮಾತ್ರ ಮನೆ ಇನ್ನೂ ಮಾರಾಟಕ್ಕಿತ್ತು. ಕಷ್ಟಪಟ್ಟು ಮನೆ ಉಳಿಸಿಕೊಂಡವರು ದಾರಿಹೋಕರಿಗೆಲ್ಲ ಪತ್ರ ತೋರಿಸುತ್ತಾ ನಿಲ್ಲಬೇಕೇ? ಸಾಲ ತೀರಿದರೆ, ಸಾಲ ವಸೂಲಾತಿ ನ್ಯಾಯಮಂಡಳಿ ತಡೆ ಕೊಟ್ಟರೆ ಹರಾಜು ನಿಲ್ಲುತ್ತದೆ. ಹಾಕಿದ್ದನ್ನು ತೆಗೆಯುವ ಹೊಣೆ ಹೊರದವರು ಪಟ್ಟಿಯನ್ನೇ ಹಾಕಬಾರದು.

ಬ್ಯಾಂಕ್‌ನೆಟ್ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ವಿವರ ತುಂಬುವುದು ಬ್ಯಾಂಕೇ, ಹರಾಜು ನಡೆಯುವುದೂ ಅಲ್ಲೇ. ಹಾಗಾಗಿ ದಿನಾಂಕಕ್ಕೆ ಮತ್ತು ಮೀಸಲು ಬೆಲೆಗೆ, ಅಂದರೆ ಹರಾಜಿನ ಕನಿಷ್ಠ ಬೆಲೆಗೆ, ನಾನು ಅದನ್ನೇ ನೋಡುತ್ತೇನೆ. ಆದರೆ ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳ ಸಾಲವೂ ಬಹಳ. ಅವುಗಳ ವಸೂಲಿ ಹರಾಜಿಗೆ ಪತ್ರಿಕೆಯನ್ನೂ ಸಂಘದ ಸೂಚನಾ ಫಲಕವನ್ನೂ ನೋಡುವುದೇ ದಾರಿ.

ಪತ್ರಿಕೆಯ ನೋಟಿಸು ಓದಲು ತ್ರಾಸ, ಅಕ್ಷರ ಇರುವೆ ಸಾಲಿನಂತೆ. ಆದರೂ ನನ್ನ ಪಾಲಿಗೆ ಅದೇ ಮೊದಲು. ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ ಸೇರಿ ಎರಡು ಪತ್ರಿಕೆಗಳಲ್ಲಿ ಅದನ್ನು ಪ್ರಕಟಿಸಬೇಕೆಂಬ ನಿಯಮವಿದೆ. ಮೊದಲ ಸಲದ ಹರಾಜಿಗೆ, ನೋಟಿಸು ಬಂದ ಮೇಲೆ 30 ದಿನಗಳ ಕಾಲಾವಕಾಶ ಇರಬೇಕು. ಸರ್ವೆ ನಂಬರು, ಚಕ್ಕುಬಂದಿ, ಬಾಕಿ ಮೊತ್ತ, ಹರಾಜು ನಡೆಸುವ ಬ್ಯಾಂಕಿನ ಅಧಿಕೃತ ಅಧಿಕಾರಿಯ ಹೆಸರು ಎಲ್ಲವೂ ಸಿಗುತ್ತವೆ. ಸರ್ವೆ ನಂಬರು ಹಿಡಿದು ಪಹಣಿ ತೆಗೆಯಬಹುದು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು. ನೋಟಿಸಿನಲ್ಲಿ ಸ್ವಾಧೀನ ‘ಸಾಂಕೇತಿಕ’ ಎಂದಿದ್ದರೆ ಮನೆ ಇನ್ನೂ ಬ್ಯಾಂಕಿನ ಕೈಗೆ ಬಂದಿಲ್ಲ, ಒಳಗೆ ಜನ ಇರಬಹುದು ಎಂದು ತಿಳಿಯಬೇಕು. ಅವರನ್ನು ಬಿಡಿಸಲು ಬ್ಯಾಂಕು ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಜಿಲ್ಲಾಧಿಕಾರಿಯ ಬಳಿ ಹೋಗಬೇಕಾಗಬಹುದು. ನಾನು ಚಂದಾ ಕಟ್ಟಿದ ತಾಣದಲ್ಲಿ ‘ಸಾಂಕೇತಿಕ’ ಎಂಬ ಈ ಒಂದು ಪದವೇ ಇರಲಿಲ್ಲ.

ನೋಟಿಸೂ ಎಲ್ಲವನ್ನೂ ಹೇಳುವುದಿಲ್ಲ. ಕದ್ರಾ ದಿಕ್ಕಿನ ಆ ಮನೆಯನ್ನು ನೋಡಲು ಹೋದಾಗ ಪಕ್ಕದ ಮನೆಯವರು ತಮ್ಮ ಗೋಡೆಯ ಮೇಲೆ ಕಿಟಕಿಯ ಎತ್ತರಕ್ಕೆ ಉಳಿದಿದ್ದ ಕಂದು ಗೆರೆ ತೋರಿಸಿದರು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯ ನೀರು ಬಿಟ್ಟಾಗ ಕಾಳಿ ನುಗ್ಗಿದ ಗುರುತು ಅದು. ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನ ಮೇಲೆ ಮಾರುವ ಬ್ಯಾಂಕು ಇದನ್ನು ತಾನಾಗಿ ತಿಳಿಸುತ್ತದೆ ಎಂದು ನಂಬಿ ಕೂರುವಂತಿಲ್ಲ.

ಆದ್ದರಿಂದ ಈಗ ನಾನು ಪತ್ರಿಕೆಯಲ್ಲಿ ಹುಡುಕಿ, ಬ್ಯಾಂಕ್‌ನೆಟ್‌ನಲ್ಲಿ ತಾಳೆ ನೋಡಿ, ಶಾಖೆಗೆ ಹೋಗಿ ಅಧಿಕೃತ ಅಧಿಕಾರಿಯ ಸಂಖ್ಯೆ ಕೇಳಿ, ಕೊನೆಗೆ ಜಾಗಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು. ಹರಾಜು ಕೂಗಿ ಗೆದ್ದವರು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ, ಹರಾಜಿಗೆ ಮೊದಲೇ ಇಟ್ಟ ಠೇವಣಿಯೂ ಸೇರಿ ಬೆಲೆಯ ಶೇ. 25 ಕಟ್ಟಬೇಕು. ಉಳಿದದ್ದಕ್ಕೆ, ಮಾರಾಟ ದೃಢವಾದ ಮೇಲೆ ಸಾಮಾನ್ಯವಾಗಿ 15 ದಿನ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು.