ಹೊರಗೆ ಸ್ಟ್ರಕ್ಟ್, ಒಳಗೆ ಕ್ಲಾಸ್: ಸ್ವಿಫ್ಟ್ ಕಲೆಕ್ಷನ್ಸ್ ಪ್ಯಾಕೇಜ್ ವಿಮರ್ಶೆ

ಆಪಲ್‌ನ ಪ್ರೋಗ್ರಾಮಿಂಗ್ ಭಾಷೆ ಸ್ವಿಫ್ಟ್‌ನಲ್ಲಿ ಕ್ಯೂ, ಹೀಪ್, ಟ್ರೀಯಂಥ ಡೇಟಾ ರಚನೆ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತೀರ್ಮಾನ ಮಾಡಬೇಕು: ಸ್ಟ್ರಕ್ಟೋ, ಕ್ಲಾಸೋ? ಸ್ಟ್ರಕ್ಟನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಸ್ವತಂತ್ರ ಪ್ರತಿ ಸಿಗುತ್ತದೆ, ಕ್ಲಾಸ್ ಆದರೆ ಎರಡೂ ವೇರಿಯಬಲ್ ಒಂದೇ ಆಬ್ಜೆಕ್ಟನ್ನು ತೋರಿಸುತ್ತವೆ. ಜಾವಾ, ಪೈಥಾನ್ ಕಲಿತು ಬಂದವರ ಕೈ ತಾನಾಗಿಯೇ ಕ್ಲಾಸ್ ಕಡೆ ಹೋಗುತ್ತದೆ. ಆಪಲ್ 2021ರ ಏಪ್ರಿಲ್‌ನಲ್ಲಿ ಓಪನ್ ಸೋರ್ಸ್ ಆಗಿ ಹೊರತಂದ ಸ್ವಿಫ್ಟ್ ಕಲೆಕ್ಷನ್ಸ್ ಪ್ಯಾಕೇಜ್ ಬೇರೆ ದಾರಿ ಹಿಡಿದಿದೆ. ಅದರಲ್ಲಿರುವ ಡೆಕ್ (ಎರಡೂ ತುದಿಯ ಕ್ಯೂ), ಸೇರಿಸಿದ ಕ್ರಮವನ್ನು ಉಳಿಸಿಕೊಳ್ಳುವ ಆರ್ಡರ್ಡ್‌ಸೆಟ್, ಆರ್ಡರ್ಡ್‌ಡಿಕ್ಷನರಿ, 1.1 ಆವೃತ್ತಿಯಲ್ಲಿ ಸೇರಿದ ಹೀಪ್, ಟ್ರೀಡಿಕ್ಷನರಿ ಎಲ್ಲವೂ ಬಳಸುವವರ ಕಣ್ಣಿಗೆ ಸ್ಟ್ರಕ್ಟ್. ಡೇಟಾ ಕೂತಿರುವುದು ಮಾತ್ರ ಒಳಗಿನ ಕ್ಲಾಸ್ ಬಫರ್‌ನಲ್ಲಿ, ಅಂದರೆ ಕ್ಲಾಸ್ ಆಗಿ ಕಾದಿಟ್ಟ ಮೆಮೊರಿ ಜಾಗದಲ್ಲಿ. ಭಾಷೆಯ ಸ್ವಂತ ಅರೇ, ಡಿಕ್ಷನರಿಗಳೂ ಹೀಗೇ ಇವೆ.

ಇದರಿಂದ ಏನು ಲಾಭ ಎಂಬುದಕ್ಕೆ ಮೆಮೊರಿಯ ಲೆಕ್ಕ ನೋಡಿ. 64 ಬಿಟ್ ಯಂತ್ರದಲ್ಲಿ ಪ್ರತಿಯೊಂದು ಕ್ಲಾಸ್ ಆಬ್ಜೆಕ್ಟ್‌ಗೂ 16 ಬೈಟ್ ಹೆಡರ್ ಇರುತ್ತದೆ: ಟೈಪ್ ಪಾಯಿಂಟರ್‌ಗೆ 8, ರೆಫರೆನ್ಸ್ ಎಣಿಕೆಗೆ (ಆಬ್ಜೆಕ್ಟನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಲೆಕ್ಕ, ಸೊನ್ನೆಯಾದರೆ ಮೆಮೊರಿ ಬಿಡುಗಡೆ) 8. 8 ಬೈಟ್‌ನ ಒಂದು ಇಂಟ್ (ಪೂರ್ಣಾಂಕ), ಮುಂದಿನ ನೋಡ್‌ನ 8 ಬೈಟ್ ಕೊಂಡಿ ಸೇರಿದರೆ ಲಿಂಕ್ಡ್ ಲಿಸ್ಟ್‌ನ ಒಂದು ನೋಡ್ 32 ಬೈಟ್. ಹತ್ತು ಲಕ್ಷ ಸಂಖ್ಯೆಗೆ 32 ಎಂಬಿ, ಅದೂ ಹತ್ತು ಲಕ್ಷ ಬಿಡಿ ಅಲೊಕೇಷನ್‌ಗಳಲ್ಲಿ. ಅಷ್ಟೇ ಸಂಖ್ಯೆಗಳು ಡೆಕ್‌ನಲ್ಲಿದ್ದರೆ ಬೇಕಾದದ್ದು 8 ಎಂಬಿ, ಜೊತೆಗೆ ಬೆಳೆಯಲು ಕಾದಿಟ್ಟ ಒಂದಿಷ್ಟು ಜಾಗ. ಹೆಡರ್ ಒಂದೇ.

ಕ್ಲಾಸ್ ನೋಡ್‌ಗಳ ಲಿಸ್ಟ್‌ಗೆ ಇನ್ನೂ ಒಂದು ಕಾಯಿಲೆ ಇದೆ. ಮೊದಲ ನೋಡ್ ಬಿಡುಗಡೆಯಾದಾಗ ಅದು ಎರಡನೆಯದನ್ನು ಬಿಡುತ್ತದೆ, ಎರಡನೆಯದು ಮೂರನೆಯದನ್ನು. ಹೀಗೆ ಕರೆಯೊಳಗೆ ಕರೆ ಸೇರುತ್ತಾ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) ತುಂಬಿ ಆ್ಯಪ್ ಬೀಳುತ್ತದೆ. ಆಪಲ್ ಸಾಧನಗಳಲ್ಲಿ ಹಿನ್ನೆಲೆ ಥ್ರೆಡ್‌ನ ಸ್ಟ್ಯಾಕ್ ಸಾಮಾನ್ಯವಾಗಿ 512 ಕೆಬಿ. ನೂರು ನೋಡ್‌ಗಳ ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ, ಲಕ್ಷ ದಾಟಿದಾಗ ಕಾಣುತ್ತದೆ. ಕ್ಲಾಸ್ ನೋಡ್ ಬೇಕೇ ಬೇಕೆಂದರೆ ಡೀಇನಿಟ್‌ನಲ್ಲಿ (ಆಬ್ಜೆಕ್ಟ್ ಬಿಡುಗಡೆಯಾಗುವಾಗ ಓಡುವ ಕೋಡ್) ಲೂಪ್ ಹಾಕಿ ಒಂದೊಂದಾಗಿ ಕೊಂಡಿ ಕಳಚಬೇಕು.

ಪ್ಯಾಕೇಜ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಡೆಕ್. ಅರೇಯನ್ನೇ ಕ್ಯೂ ಆಗಿ ಬಳಸಿ ಮುಂದಿನಿಂದ ತೆಗೆದರೆ ಉಳಿದವೆಲ್ಲ ಒಂದೊಂದು ಸ್ಥಾನ ಸರಿಯಬೇಕು. ಡೆಕ್ ಒಳಗಿನದು ವೃತ್ತಾಕಾರದ ಬಫರ್ ಆದ್ದರಿಂದ ಎರಡೂ ತುದಿಯಲ್ಲಿ ಸೇರಿಸುವುದೂ ತೆಗೆಯುವುದೂ ಸ್ಥಿರ ಸಮಯದ ಕೆಲಸ. ಆದರೆ ಅಂಶಗಳು ಬಫರ್‌ನ ಕೊನೆಯಿಂದ ಮೊದಲಿಗೆ ಸುತ್ತಿಕೊಂಡಿರಬಹುದು. ಸಿ ಲೈಬ್ರರಿಗೆ ಒಂದೇ ಅಖಂಡ ಪಾಯಿಂಟರ್ ಕೊಡಬೇಕಾದ ಕಡೆ ಇದನ್ನು ಆರಿಸಬೇಡಿ, ಅರೇಯೇ ಸರಿ.

ಹೀಪ್ ಕೂಡ ಚೆನ್ನಾಗಿದೆ. ಅದು ಮಿನ್-ಮ್ಯಾಕ್ಸ್ ಹೀಪ್, ಹಾಗಾಗಿ ಅತಿ ಚಿಕ್ಕದು, ಅತಿ ದೊಡ್ಡದು ಎರಡೂ ಕೈಗೆಟಕುವಂತಿರುತ್ತವೆ. ಡೈಕ್‌ಸ್ಟ್ರಾ (ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್) ಬರೆಯುವವರು ಗಮನಿಸಿ: ಒಳಗಿರುವ ಅಂಶದ ಆದ್ಯತೆಯನ್ನು ಅಲ್ಲೇ ಇಳಿಸುವ ಸೌಲಭ್ಯ ಇಲ್ಲ. ಹೊಸ ದೂರದೊಂದಿಗೆ ಇನ್ನೊಮ್ಮೆ ಸೇರಿಸಿ, ಹಳೆಯದು ಹೊರಬಂದಾಗ ಕಡೆಗಣಿಸಬೇಕು.

ಟ್ರೀಡಿಕ್ಷನರಿಯಲ್ಲಿ ಈ ವಿನ್ಯಾಸದ ಸೊಗಸು ಪೂರ್ತಿ ಕಾಣುತ್ತದೆ. ಅನ್‌ಡೂ ಸೌಲಭ್ಯಕ್ಕಾಗಿ ಲಕ್ಷ ಅಂಶಗಳ ಮಾಮೂಲಿ ಡಿಕ್ಷನರಿಯ ಒಂದು ಪ್ರತಿ ಇಟ್ಟುಕೊಂಡಿದ್ದೀರಿ ಎನ್ನಿ. ಪ್ರತಿ ತೆಗೆದ ಗಳಿಗೆಯಲ್ಲಿ ಖರ್ಚಿಲ್ಲ, ಆಮೇಲಿನ ಮೊದಲ ಬದಲಾವಣೆಗೆ ಲಕ್ಷವೂ ನಕಲಾಗುತ್ತವೆ. ಟ್ರೀಡಿಕ್ಷನರಿ ಬೇರಿನಿಂದ ಆ ಅಂಶದವರೆಗಿನ ಕೆಲವೇ ನೋಡ್‌ಗಳನ್ನು ನಕಲು ಮಾಡಿ ಉಳಿದದ್ದನ್ನು ಎರಡೂ ಪ್ರತಿಗಳು ಹಂಚಿಕೊಳ್ಳುವಂತೆ ಬಿಡುತ್ತದೆ. ಹುಡುಕಾಟ ಸ್ವಲ್ಪ ನಿಧಾನ. ಪ್ರತಿಗಳನ್ನು ಇಟ್ಟುಕೊಳ್ಳುವ ಕೆಲಸವಿಲ್ಲದಿದ್ದರೆ ಮಾಮೂಲಿ ಡಿಕ್ಷನರಿ ಸಾಕು.

ಇದೇ ಮಾದರಿಯಲ್ಲಿ ನಿಮ್ಮದೇ ರಚನೆ ಬರೆಯುವುದಾದರೆ ಒಂದು ಫೈನಲ್ ಕ್ಲಾಸ್ ಸ್ಟೋರೇಜ್ ಮಾಡಿ, ಸ್ಟ್ರಕ್ಟ್‌ನಲ್ಲಿ ಅದನ್ನು ಪ್ರೈವೇಟ್ ಆಗಿ ಇಡಿ. ಪ್ರತಿ ಮ್ಯುಟೇಟಿಂಗ್ (ಸ್ಟ್ರಕ್ಟನ್ನು ಬದಲಿಸುವ) ಫಂಕ್ಷನ್‌ನ ಶುರುವಿನಲ್ಲಿ ಈಸ್‌ನೋನ್‌ಯೂನಿಕ್ಲಿರೆಫರೆನ್ಸ್ಡ್ ಕರೆದು ಸ್ಟೋರೇಜನ್ನು ಹಿಡಿದವರು ಒಬ್ಬರೇ ಎಂದು ಪರೀಕ್ಷಿಸಿ, ಒಡೆಯ ಒಬ್ಬನೇ ಅಲ್ಲದಿದ್ದರೆ ಮಾತ್ರ ನಕಲು ಮಾಡಿ. ಒಂದು ಫಂಕ್ಷನ್‌ನಲ್ಲಿ ಈ ಪರೀಕ್ಷೆ ಮರೆತರೂ ಒಂದು ವೇರಿಯಬಲ್‌ನ ಬದಲಾವಣೆ ಇನ್ನೊಂದರಲ್ಲಿ ಕಾಣಿಸುತ್ತದೆ. ಅದಕ್ಕಿಂತ ಹಿಡಿಯಲು ಕಷ್ಟವಾದ ತಪ್ಪು ಇನ್ನೊಂದಿದೆ: ಪರೀಕ್ಷೆಗೆ ಮೊದಲೇ ಸ್ಟೋರೇಜನ್ನು ಲೋಕಲ್ ಲೆಟ್‌ಗೆ (ಫಂಕ್ಷನ್ ಒಳಗಿನ ಸ್ಥಿರ ಹೆಸರಿಗೆ) ಹಾಕಿ, ಆಮೇಲೂ ಅದನ್ನು ಬಳಸುವುದು. ಆಗ ಒಡೆಯರು ಇಬ್ಬರಾದರು. ಪ್ರತಿ ಅಪೆಂಡ್‌ಗೂ ಇಡೀ ಬಫರ್ ನಕಲಾಗುತ್ತದೆ, ಫಲಿತಾಂಶ ಸರಿಯಾಗಿಯೇ ಬರುತ್ತದೆ, ವೇಗ ಮಾತ್ರ ಮಣ್ಣು ಪಾಲು. ಡಿಕ್ಷನರಿಯೊಳಗಿನ ಅರೇಯನ್ನು ಹೊರಗೆ ತೆಗೆದು, ಬದಲಿಸಿ, ಮತ್ತೆ ಒಳಗಿಡುವವರಿಗೂ ಇದೇ ಗತಿ. ಡಿಫಾಲ್ಟ್ ಸಬ್‌ಸ್ಕ್ರಿಪ್ಟ್ (ಕೀ ಇಲ್ಲದಿದ್ದರೆ ಕೊಟ್ಟ ಮೌಲ್ಯವನ್ನು ತೆಗೆದುಕೊಳ್ಳುವ ವಿಧಾನ) ಬಳಸಿ ಇದ್ದಲ್ಲೇ ಬದಲಿಸಿ.

ಪ್ಯಾಕೇಜ್ ಕೈಬಿಡುವ ಜಾಗ ಎಲ್‌ಆರ್‌ಯು ಕ್ಯಾಶ್, ಅಂದರೆ ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ಹೊರಹಾಕುವ ಸಂಗ್ರಹ. ಇದಕ್ಕೆ ಆರ್ಡರ್ಡ್‌ಡಿಕ್ಷನರಿ ಒದಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಒದಗುವುದಿಲ್ಲ. ಬಳಸಿದ ಕೀಯನ್ನು ಕೊನೆಗೆ ಒಯ್ಯಲು ಮಧ್ಯದಿಂದ ತೆಗೆಯಬೇಕು, ಅದಕ್ಕೆ ಗಾತ್ರಕ್ಕೆ ತಕ್ಕಷ್ಟು ಸಮಯ ಹಿಡಿಯುತ್ತದೆ. ಇಲ್ಲಿ ಬೇಕಾದದ್ದು ಎರಡು ದಿಕ್ಕಿನ ಲಿಸ್ಟ್. ಕ್ಲಾಸ್‌ನಲ್ಲಿ ಬರೆದರೆ ಹಿಂದಿನ ಕೊಂಡಿ ವೀಕ್ ಅಥವಾ ಅನ್‌ಓನ್ಡ್ (ಆಬ್ಜೆಕ್ಟನ್ನು ಹಿಡಿದಿಟ್ಟುಕೊಳ್ಳದ ಕೊಂಡಿ) ಆಗಿರಲೇಬೇಕು, ಇಲ್ಲವಾದರೆ ನೋಡ್‌ಗಳು ಒಂದನ್ನೊಂದು ಹಿಡಿದುಕೊಂಡು ಮೆಮೊರಿ ಬಿಡುವುದೇ ಇಲ್ಲ. ನನಗೆ ಮೆಚ್ಚುಗೆಯಾದ ದಾರಿ ಬೇರೆ: ಸ್ಟ್ರಕ್ಟ್ ನೋಡ್‌ಗಳ ಒಂದು ಅರೇ, ಹಿಂದು ಮುಂದಿನ ಕೊಂಡಿಗಳಿಗೆ ಇಂಟ್32 ಇಂಡೆಕ್ಸ್, ಖಾಲಿಯಾದ ಜಾಗಗಳಿಗೆ ಒಂದು ಪಟ್ಟಿ. ಹಳೆಯ ಇಂಡೆಕ್ಸ್ ಹಿಡಿದವರು ಅದೇ ಜಾಗಕ್ಕೆ ಬಂದ ಹೊಸ ಅಂಶವನ್ನು ತಮ್ಮದೆಂದು ಓದದಂತೆ ಪ್ರತಿ ಜಾಗಕ್ಕೂ ಒಂದು ತಲೆಮಾರು ಸಂಖ್ಯೆ ಇಟ್ಟು, ಜಾಗ ಖಾಲಿಯಾದಾಗಲೆಲ್ಲ ಒಂದು ಕೂಡಿಸಿ.

ಸದಾ ವಿಂಗಡಣೆಯಲ್ಲೇ ಇರುವ ಡಿಕ್ಷನರಿಯೂ 1.1ರಲ್ಲಿ ಇಲ್ಲ, ಅದು ನಿಜವಾದ ಕೊರತೆ. ಲೈಸೆನ್ಸ್ ಅಪಾಚೆ 2.0, ದುಡ್ಡು ಕೊಡಬೇಕಿಲ್ಲ. ಕ್ಯೂ ಒಂದೇ ಬೇಕಿದ್ದರೆ ಇಡೀ ಕಲೆಕ್ಷನ್ಸ್ ಬದಲು ಡೆಕ್‌ಮಾಡ್ಯೂಲ್ ಮಾತ್ರ ಇಂಪೋರ್ಟ್ ಮಾಡಿಕೊಳ್ಳಿ.