ಹತ್ತಡಿ ಕೋಣೆಯ ಸ್ಟುಡಿಯೋ: ಸ್ಕಾರ್ಲೆಟ್ 2ಐ2, ಮಿನಿಲ್ಯಾಬ್ 3, ಎರಿಸ್ 3.5

ತುಮಕೂರಿನ ಎಸ್.ಎಸ್. ಪುರಂ ಆಗಲಿ, ಶೆಟ್ಟಿಹಳ್ಳಿ ಕಡೆಯ ಬಾಡಿಗೆ ಮನೆಯಾಗಲಿ, ಮನೆಯವರು ಸಂಗೀತಕ್ಕೆಂದು ಬಿಟ್ಟುಕೊಡುವ ಕೋಣೆ ಹೆಚ್ಚೆಂದರೆ ಹತ್ತಡಿಗೆ ಹತ್ತಡಿ. ಅದರಲ್ಲೇ ಒಂದು ಮಂಚ, ಒಂದು ಉಕ್ಕಿನ ಬೀರು, ಒಂದು ಕಿಟಕಿ, ತಲೆ ಮೇಲೆ ಫ್ಯಾನು. ಉಳಿದ ಜಾಗಕ್ಕೆ ಹೊಂದುವ ಮೂರು ಸಾಮಾನು ಇಲ್ಲಿ ವಿಮರ್ಶೆಗೆ ಬಂದಿವೆ: ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ನಾಲ್ಕನೇ ತಲೆಮಾರಿನ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಆರ್ಟೂರಿಯಾ ಮಿನಿಲ್ಯಾಬ್ 3 ಕೀಬೋರ್ಡ್, ಪ್ರೀಸೋನಸ್ ಎರಿಸ್ 3.5 ಸ್ಪೀಕರ್ ಜೋಡಿ. ಲ್ಯಾಪ್‌ಟಾಪ್ ಸೇರಿ ಎಲ್ಲವೂ ಎರಡಡಿ ಅಗಲ, ನಾಲ್ಕಡಿ ಉದ್ದದ ಮೇಜಿನ ಮೇಲೆ ಕೂರುತ್ತವೆ. ಮೂರನ್ನೂ ಧಾರಾಳವಾಗಿ ಕೊಳ್ಳಬಹುದು. ಆದರೆ ಕೊಂಡವರ ದೂರುಗಳಲ್ಲಿ ಮುಕ್ಕಾಲು ಪಾಲು ಗೋಡೆಯವು, ಇಲ್ಲವೇ ಗೋಡೆಯೊಳಗಿನ ವೈರಿಂಗ್‌ನವು. ಹಾಗಾಗಿ ಈ ಬರಹದಲ್ಲಿ ಗೋಡೆಯ ಮಾತೂ ಸಾಕಷ್ಟಿದೆ.

ಮೊದಲು ಸ್ಕಾರ್ಲೆಟ್. ಎರಡು ಮೈಕ್, ಎರಡು ಲೈನ್ ಅಥವಾ ಗಿಟಾರ್ ಒಳದಾರಿ, ಒಂದು ಹೆಡ್‌ಫೋನ್ ಜಾಕ್, 24 ಬಿಟ್, 192 ಕಿಲೋಹರ್ಟ್ಸ್‌ವರೆಗಿನ ದಾಖಲಾತಿ. ಮೈಕ್ ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ, 69 ಡೆಸಿಬೆಲ್. ದನಿಯನ್ನು ಮೆಲ್ಲಗೆ ಕೊಡುವ ಡೈನಮಿಕ್ ಮೈಕಿಗೂ ಧಾರಾಳ ಸಾಕು. ಆಟೋ ಗೇನ್ ಗುಂಡಿ ಒತ್ತಿದರೆ 10 ಸೆಕೆಂಡು ಕೇಳಿಸಿಕೊಂಡು ತಾನೇ ಮಟ್ಟ ಹಿಡಿಯುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಆ ಹತ್ತು ಸೆಕೆಂಡಿನಲ್ಲಿ ಸಂಕೋಚಪಟ್ಟು ಮೆಲ್ಲಗೆ ಹಾಡಿ, ಆಮೇಲೆ ಪಲ್ಲವಿಯಲ್ಲಿ ಗಂಟಲು ತೆರೆದರೆ ಗೇನ್ ಮಿತಿಮೀರಿರುತ್ತದೆ. ಇಡೀ ಹಾಡಿನ ಅತಿ ಜೋರಿನ ಸಾಲನ್ನೇ ಆ ಹತ್ತು ಸೆಕೆಂಡಿಗೆ ಕೊಡಬೇಕು. ಕ್ಲಿಪ್ ಸೇಫ್ ಹಾಕಿಟ್ಟರೆ ಮಿತಿ ದಾಟುವ ಮುನ್ನ ಗೇನನ್ನು ಅದೇ ಇಳಿಸುತ್ತದೆ, ನಿಜ. ಆದರೆ ಹಾಡಿನ ನಡುವೆ ಮಟ್ಟ ಬದಲಾದರೆ ಆಮೇಲೆ ಎರಡು ಟೇಕ್ ಜೋಡಿಸುವವರಿಗೆ ತಲೆನೋವು.

ಇದರ ಕೊರತೆಗಳು ಎರಡು. ಮೈಕಿನ ಎಕ್ಸ್‌ಎಲ್‌ಆರ್ ಜಾಕ್‌ಗಳನ್ನು ಈ ತಲೆಮಾರಿನಲ್ಲಿ ಹಿಂಬದಿಗೆ ಸರಿಸಿದ್ದಾರೆ. ಮೇಜು ಗೋಡೆಗೆ ಅಂಟಿದ್ದರೆ ಪೆಟ್ಟಿಗೆಯ ಹಿಂದೆ ನಾಲ್ಕಿಂಚು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಕೇಬಲಿನ ಕುತ್ತಿಗೆ ಮಡಚಿ ಒಳಗಿನ ಬೆಸುಗೆ ಬಿಡುತ್ತದೆ. ಎರಡನೆಯದು ಕರೆಂಟು. ಈ ಪೆಟ್ಟಿಗೆ 900 ಮಿಲಿಆಂಪಿಯರ್ ಕೇಳುತ್ತದೆ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಾತ್ರ. ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕರೆಂಟು ಬೇಡುವ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಆನ್ ಮಾಡಿದ ಕೂಡಲೇ ಪೆಟ್ಟಿಗೆ ಮಾಯವಾದರೆ ರಿಪೇರಿಗೆ ಒಯ್ಯಬೇಡಿ. ಹಿಂದೆ ಇರುವ ಎರಡನೇ ಟೈಪ್-ಸಿ ಕಿಂಡಿ ಇದಕ್ಕೆಂದೇ ಇದೆ. ಅದಕ್ಕೆ 5 ವೋಲ್ಟ್ ಫೋನ್ ಚಾರ್ಜರ್ ಅಥವಾ ಪವರ್ ಬ್ಯಾಂಕ್ ಕೊಡಿ. ಅಗ್ಗದ ಚಾರ್ಜರ್ ಕೆಲವೊಮ್ಮೆ ತನ್ನದೇ ಕಿರಗುಟ್ಟುವ ಸದ್ದು ತರುತ್ತದೆ, ಪವರ್ ಬ್ಯಾಂಕಿಗೆ ಆ ಕಾಟವಿಲ್ಲ.

ವಿಂಡೋಸ್ ಇದ್ದರೆ ಫೋಕಸ್‌ರೈಟ್‌ನ ಸ್ವಂತ ಆಸಿಯೋ ಡ್ರೈವರನ್ನೇ (ದನಿ ತಡವಾಗದಂತೆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಬೆಸೆಯುವ ತಂತ್ರಾಂಶ) ಹಾಕಿಕೊಳ್ಳಿ. ಬಫರ್ ಎಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು; ಅದರ ಲೆಕ್ಕ ಸರಳ: 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡು, 256 ಎಂದರೆ 5.3. ಹೋಗಿಬರುವ ದಾರಿ, ಡ್ರೈವರಿನ ಪಾಲು ಸೇರಿ ಕಿವಿಗೆ ಬೀಳುವಾಗ ಇದರ ಎರಡು ಪಟ್ಟಿಗೂ ಹೆಚ್ಚು. ನುಡಿಸುವಾಗ 128, ಮಿಕ್ಸ್ ಮಾಡುವಾಗ 512 ಅಥವಾ 1024. ಚಟಪಟ ಸದ್ದು ಬಂದರೆ ಮೊದಲು ವೈ-ಫೈ ಆರಿಸಿ, ಪವರ್ ಪ್ಲ್ಯಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ತೆಗೆದುನೋಡಿ. ಅಷ್ಟಕ್ಕೇ ಬಹುಪಾಲು ನಿಲ್ಲುತ್ತದೆ.

ಇನ್ನು ಕೊಳ್ಳುವವರು ಯಾರೂ ಅಂಗಡಿಯಲ್ಲಿ ಕೇಳದ ವಿಷಯ, ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ ಇದ್ದಮಾತ್ರಕ್ಕೆ ಅದರ ಮೇಲಿನ ದಪ್ಪ ಕಿಂಡಿಗೆ ತಂತಿ ಇದೆ ಎಂದೇನಿಲ್ಲ. ಮಲ್ಟಿಮೀಟರ್ ಎಸಿಗೆ ಇಟ್ಟು ಅಳೆಯಬೇಕು: ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಈ ಕೆಲಸ ಅಭ್ಯಾಸವಿಲ್ಲದವರದ್ದಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅಳೆಯುವ ಮೊದಲೇ ಅರ್ಥ್ ಇಲ್ಲವೆಂದು ಅನುಮಾನಿಸಬಹುದು. ಸ್ಪೀಕರಿನಲ್ಲಿ ಬರುವ ಹಮ್ ಸದ್ದಿಗೂ ಹಲವು ಸಲ ಇದೇ ಮೂಲ.

ಅರ್ಥ್ ಸರಿ ಇದ್ದೂ ಹಮ್ ಬರುವುದುಂಟು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಸಾಕೆಟ್ಟಿನಿಂದ, ಸ್ಪೀಕರ್ ಇನ್ನೊಂದು ಗೋಡೆಯ ಸಾಕೆಟ್ಟಿನಿಂದ ಕರೆಂಟು ತೆಗೆದುಕೊಂಡರೆ ಅರ್ಥ್ ತಂತಿ ಸುತ್ತಿಬಂದು ಬಳೆಯಾಗುತ್ತದೆ, ಅದರಲ್ಲಿ 50 ಹರ್ಟ್ಸ್ ಸುತ್ತುತ್ತದೆ. ಪತ್ತೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತಿತೇ? ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ, ಸ್ಕಾರ್ಲೆಟ್‌ನಿಂದ ಎರಿಸ್‌ಗೆ ಟಿಆರ್‌ಎಸ್ ಕೇಬಲ್ ಹಾಕಿ. ಜಾಕಿನ ಮೂಗಿನ ಬಳಿ ಎರಡು ಕಪ್ಪು ಉಂಗುರವಿದ್ದರೆ ಟಿಆರ್‌ಎಸ್, ಒಂದೇ ಇದ್ದರೆ ಗಿಟಾರ್ ಕೇಬಲ್. ಎರಡನೆಯದನ್ನೂ ಸಿಕ್ಕಿಸಬಹುದು, ಸದ್ದೂ ಬರುತ್ತದೆ, ಜೊತೆಗೆ ಹಮ್ಮೂ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ನಿಲ್ಲುತ್ತದೆ, ಆದರೆ ಒಳಗೆ ಎಲ್ಲಾದರೂ ತಂತಿ ತಾಗಿದ ದಿನ ಕರೆಂಟು ಮನುಷ್ಯನ ಮೈಯಿಂದಲೇ ನೆಲಕ್ಕೆ ದಾರಿ ಹುಡುಕುತ್ತದೆ.

ಹಮ್ ಬೇರೆ, ಝೇಂಕಾರ ಬೇರೆ. ಫ್ಯಾನಿನ ವೇಗ ಕಮ್ಮಿ ಮಾಡಿದಾಗ ಸ್ಪೀಕರಿನಲ್ಲಿ ಜೇನುಹುಳದಂಥ ಸದ್ದು ಬಂದರೆ ಅಪರಾಧಿ ರೆಗ್ಯುಲೇಟರ್. ನುಣ್ಣಗೆ ತಿರುಗುವ ಟ್ರಯಾಕ್ ಮಾದರಿಯದು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಹಾಕುತ್ತದೆ. ಟಕ್ ಟಕ್ ಎಂದು 1, 2, 3, 4ಕ್ಕೆ ನಿಲ್ಲುವ ಕೆಪಾಸಿಟರ್ ಮಾದರಿಗೆ ಬದಲಿಸಿದರೆ ಮುಗಿಯಿತು. ಈ ಇಡೀ ಸ್ಟುಡಿಯೋದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ವಸ್ತು ಇನ್ನೊಂದಿಲ್ಲ.

ಬೆಸ್ಕಾಂ ಕರೆಂಟು ಹೋದಾಗ? ಇಲ್ಲಿ ಈ ಜೋಡಿಗೆ ಒಳ್ಳೆಯ ಅಂಕ ಕೊಡಬೇಕು. ಸ್ಕಾರ್ಲೆಟ್, ಮಿನಿಲ್ಯಾಬ್ ಎರಡೂ ಯುಎಸ್‌ಬಿಯಿಂದಲೇ ಬದುಕುವುದರಿಂದ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಹೆಡ್‌ಫೋನಿನಲ್ಲಿ ಕೆಲಸ ಸಾಗುತ್ತದೆ. ಆರುವುದು ಸ್ಪೀಕರ್ ಮಾತ್ರ. ಮನೆಯ ಇನ್ವರ್ಟರ್ ಸೈನ್ ವೇವ್ ಆದರೆ ಅದೂ ಆರುವುದಿಲ್ಲ. ಸ್ಕ್ವೇರ್ ವೇವ್ ಆದರೆ ಸ್ಪೀಕರ್ ಗೊರಗುಟ್ಟುತ್ತದೆ, ಆಗ ಅದನ್ನು ಆಫ್ ಮಾಡುವುದೇ ಲೇಸು.

ಎರಿಸ್ 3.5 ಬಗ್ಗೆ ಕೇಳಿಬರುವ ಆಕ್ಷೇಪ ಒಂದೇ: ಬೇಸ್ ಸಾಲದು. ತಯಾರಕರೇ 80 ಹರ್ಟ್ಸ್‌ನಿಂದ ಮೇಲೆ ಎಂದು ಬರೆದಿದ್ದಾರೆ. ಯಮಹಾ ಎಚ್‌ಎಸ್5 54ಕ್ಕೆ, ಜೆಬಿಎಲ್ 305ಪಿ 43ಕ್ಕೆ ಇಳಿಯುತ್ತದೆ. ಹಾಗಿದ್ದೂ ಹತ್ತಡಿ ಕೋಣೆಗೆ ಈ ಪುಟ್ಟ ಸ್ಪೀಕರೇ ಮೇಲು ಎಂಬುದು ನಮ್ಮ ತೀರ್ಪು. ಕಾರಣ ಕೋಣೆಯ ಅಳತೆ. ಎದುರುಬದುರು ಗೋಡೆ ಹತ್ತಡಿ ದೂರವಿದ್ದರೆ ಅವುಗಳ ನಡುವೆ ಸುಮಾರು 56 ಹರ್ಟ್ಸ್ ದನಿ ನಿಂತು ಮೊರೆಯುತ್ತದೆ. ನಮ್ಮ ಮನೆಗಳಲ್ಲಿ ಆರ್‌ಸಿಸಿ ಚಾವಣಿಯೂ ಹತ್ತಡಿಯೇ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ ಕೋಣೆಯಲ್ಲಿ ಮೂರು ಮೊರೆತವೂ ಒಂದರ ಮೇಲೊಂದು ಬೀಳುತ್ತವೆ. ಸಂಗೀತದ ಲೆಕ್ಕದಲ್ಲಿ 55 ಹರ್ಟ್ಸ್ ಎಂದರೆ ಕೆಳಗಿನ ಎ ಸ್ವರ. 808 ಡ್ರಮ್ ಯಂತ್ರದ ಮಾದರಿಯ ಕಿಕ್ ಮೊಳಗುವುದೂ 50ರ ಆಸುಪಾಸಿನಲ್ಲೇ. ದೊಡ್ಡ ಸ್ಪೀಕರ್ ಇಟ್ಟರೆ ಆ ಒಂದು ಸ್ವರ ಮಾತ್ರ ಪಕ್ಕದ ಮನೆಯವರೆಗೆ ಹೋಗುತ್ತದೆ, ಅದರ ಮುಂದಿನ ಎರಡು ಸ್ವರ ಎಲ್ಲಿ ಹೋದವೋ ಗೊತ್ತಾಗದು. ಅದನ್ನು ನಂಬಿ ಮಿಕ್ಸ್ ಮಾಡಿದವರ ಹಾಡು ಕಾರಿನಲ್ಲಿ ಹಾಕಿದರೆ ಬೇಸ್ ಬತ್ತಿರುತ್ತದೆ. ಎರಿಸ್ ಆ ಮೊರೆತವನ್ನು ಕೆಣಕುವುದೇ ಇಲ್ಲ. 80ರ ಕೆಳಗಿನದನ್ನು ಹೆಡ್‌ಫೋನಿನಲ್ಲಿ ನೋಡಿಕೊಳ್ಳಬೇಕು: ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಅಥವಾ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 80 ಓಮ್. 250 ಓಮಿನದು ಈ ಇಂಟರ್‌ಫೇಸಿಗೆ ಬೇಡ.

ಕೂರುವ ಜಾಗ ಅಳತೆ ಹಿಡಿದೇ ಆಗಬೇಕು. ಕೋಣೆಯ ನಟ್ಟನಡುವೆ, ಅಂದರೆ ಐದಡಿಯಲ್ಲಿ, 56 ಹರ್ಟ್ಸ್ ಪೂರಾ ಕಾಣೆಯಾಗುತ್ತದೆ. ಎಡ-ಬಲಕ್ಕೆ ನಡುವೆ ಕೂರುವುದು ತಪ್ಪದು, ಉದ್ದದಲ್ಲಾದರೂ ತಪ್ಪಿಸಿ: ತಲೆ ಮುಂದಿನ ಗೋಡೆಯಿಂದ 3 ಅಡಿ 9 ಇಂಚಿನಲ್ಲಿರಲಿ. ಸ್ಪೀಕರಿನಿಂದ ಸ್ಪೀಕರಿಗೆ, ಪ್ರತಿ ಸ್ಪೀಕರಿನಿಂದ ತಲೆಗೆ, ಮೂರೂ ಅಂತರ ಎರಡೂವರೆ ಅಡಿ. ಟ್ವೀಟರ್, ಅಂದರೆ ಕೀಚಲು ದನಿ ಹೊರಡುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕೆ ಬರಬೇಕು. ಸ್ಟ್ಯಾಂಡಿಗೆ ದುಡ್ಡು ಸುರಿಯಬೇಕಿಲ್ಲ, ಮನೆ ಕಟ್ಟುವ ಸಾಲಿಡ್ ಬ್ಲಾಕ್ ಒಂದೊಂದು ಇಟ್ಟು ಅದರ ಮೇಲೆ ಅರ್ಧ ಇಂಚಿನ ರಬ್ಬರ್ ಶೀಟ್ ಹಾಸಿ. ಬ್ಲಾಕಿನ ತೂಕಕ್ಕೆ ಮೇಜು ಅದುರುವುದೂ ನಿಲ್ಲುತ್ತದೆ. ಎರಿಸ್‌ನ ಗಾಳಿ ಕಿಂಡಿ ಹಿಂಬದಿಯಲ್ಲಿರುವುದರಿಂದ ಗೋಡೆಗೆ ಅಂಟಿಸದೆ ಆರಿಂಚು ಬಿಡಿ. ಹಾಗೂ ದನಿ ದಪ್ಪವಾಗಿ ಕೇಳಿದರೆ ಹಿಂದಿನ ಲೋ ಗುಂಡಿಯನ್ನು 2 ಅಥವಾ 3 ಡೆಸಿಬೆಲ್ ಇಳಿಸಿ.

ಗೋಡೆಗೆ ಮೊಟ್ಟೆ ತಟ್ಟೆ ಹೊಡೆಯುವುದು ಸುಮ್ಮನೆ ಶ್ರಮ. ಒಂದಿಂಚಿನ ಪಿರಮಿಡ್ ಫೋಮ್ ಕೂಡ ಹೀರುವುದು ಕೀಚಲು ದನಿಯನ್ನು ಮಾತ್ರ. ಕೋಣೆ ಮಂಕಾಗುತ್ತದೆ, ಬೇಸ್ ಹಾಗೇ ಉಳಿಯುತ್ತದೆ. ಕೆಲಸ ಮಾಡುವುದು ದಪ್ಪ. ಎರಡಡಿ-ನಾಲ್ಕಡಿ ಮರದ ಚೌಕಟ್ಟಿಗೆ ನಾಲ್ಕಿಂಚು ರಾಕ್‌ವೂಲ್ (ಕಲ್ಲಿನ ನಾರು) ತುಂಬಿ, ಮೇಲೆ ಹತ್ತಿ ಬಟ್ಟೆ ಬಿಗಿದು, ಗೋಡೆಯಿಂದ ಎರಡಿಂಚು ದೂರ ನಿಲ್ಲಿಸಿದ ಪ್ಯಾನೆಲ್ ನಾಲ್ಕಿದ್ದರೆ ಸಾಕು: ಎಡಕ್ಕೊಂದು, ಬಲಕ್ಕೊಂದು, ಬೆನ್ನ ಹಿಂದೆ ಎರಡು. ತುಂಬುವಾಗ ಕೈಗವಸು, ಮೂಗಿಗೆ ಮಾಸ್ಕ್ ಇರಲಿ, ಅದರ ಎಳೆ ಚುಚ್ಚುತ್ತದೆ. ಅಷ್ಟು ಬೇಡವೆಂದರೆ ತೆಂಗಿನ ನಾಡಿನಲ್ಲಿ ನಾರಿನ ಹಾಸಿಗೆಗೆ ಬರವಿಲ್ಲ. ಹಳೇ ನಾರಿನ ಹಾಸಿಗೆಯೊಂದನ್ನು ಹಿಂದಿನ ಮೂಲೆಯಲ್ಲಿ ಅಡ್ಡಲಾಗಿ, ಹಿಂದೆ ಟೊಳ್ಳು ಬಿಟ್ಟು ನಿಲ್ಲಿಸಿದರೂ ಮಾತಿನ ಗುಂಯ್ ಸದ್ದು ತಗ್ಗುತ್ತದೆ. 56 ಹರ್ಟ್ಸ್ ಮಾತ್ರ ಇದ್ಯಾವುದಕ್ಕೂ ಬಗ್ಗದು.

ಮಿನಿಲ್ಯಾಬ್ 3ರಲ್ಲಿ 25 ಸಣ್ಣ ಕೀ, 8 ಪ್ಯಾಡ್, 8 ತಿರುಗುಂಡಿ, 4 ಜಾರುಗುಂಡಿ. ಜೊತೆಗೆ ಸಿಂಥಸೈಜರ್ (ಸಿಂಥ್) ಸದ್ದುಗಳ ಅನಲಾಗ್ ಲ್ಯಾಬ್ ಇಂಟ್ರೋ, ಹಾಡು ದಾಖಲಿಸಿ ಜೋಡಿಸುವ ತಂತ್ರಾಂಶ ಏಬಲ್ಟನ್ ಲೈವ್ ಲೈಟ್ ಬರುತ್ತವೆ. ಲೈಟ್‌ನಲ್ಲಿ ಟ್ರ್ಯಾಕ್ ಸಂಖ್ಯೆಗೆ ಮಿತಿಯಿದೆ; ಕಲಿಯಲು ಸಾಕು. ಮುಂದೆ ಅಂಥದ್ದೇ ತಂತ್ರಾಂಶವಾದ ರೀಪರ್‌ಗೆ ಹೋಗಬಹುದು, 60 ದಿನ ಬಳಸಿ ನೋಡಲು ಬಿಡುತ್ತಾರೆ. ಸಿಂಥ್‌ಗೆ ಸರ್ಜ್ ಎಕ್ಸ್‌ಟಿ, ವೈಟಲ್, ಡೆಕ್ಸೆಡ್ ಪುಕ್ಕಟೆ ಸಿಗುತ್ತವೆ, ಯಾವ ಕಡಿಮೆಯೂ ಇಲ್ಲ. ಐದು ಪಿನ್ನಿನ ಮಿಡಿ ಔಟ್ (ಒತ್ತಿದ ಕೀ ಯಾವುದೆಂದು ಇನ್ನೊಂದು ವಾದ್ಯಕ್ಕೆ ತಿಳಿಸುವ ಕಿಂಡಿ) ಇರುವುದು ಈ ಕೀಬೋರ್ಡಿನ ಗುಟ್ಟಾದ ಲಾಭ: ಸ್ಕಾರ್ಲೆಟ್ 2ಐ2ರಲ್ಲಿ ಮಿಡಿ ಕಿಂಡಿಯೇ ಇಲ್ಲ, ಹಳೇ ಸಿಂಥ್ ಕಟ್ಟಬೇಕೆಂದರೆ ಇದರಿಂದಲೇ ಕಟ್ಟಬಹುದು.

ಕರ್ನಾಟಕ ಸಂಗೀತ ಕಲಿತವರಿಗೆ ಮಾತ್ರ ಇದು ಒಗ್ಗುವುದಿಲ್ಲ. ಸ್ವರ ಬಾಗಿಸಲು ಚಕ್ರವಿಲ್ಲ, ಬೆರಳು ಜಾರಿಸುವ ಪಟ್ಟಿ ಇದೆ. ಬೆರಳೆತ್ತಿದ ಕ್ಷಣ ಸ್ವರ ಜಿಗಿದು ಮೂಲಕ್ಕೆ ಬರುವುದರಿಂದ ಕಂಪಿತ ಗಮಕ ಕೊಡುವುದು ಹರಸಾಹಸ. ಅಂಥವರು ಎಂ-ಆಡಿಯೋ ಆಕ್ಸಿಜನ್ 25 ನೋಡಲಿ, ಚಕ್ರವಿದೆ, ಕೀಗಳೂ ಪೂರ್ಣ ಅಳತೆಯವು. ಮೇಜಿನ ಜಾಗ ಹೆಚ್ಚು ತಿನ್ನುತ್ತದೆ ಅಷ್ಟೇ.

ಪ್ಯಾಡ್‌ಗಳು ಚೆನ್ನಾಗಿವೆ, ಮೆಲು ಪೆಟ್ಟಿಗೂ ಓಗೊಡುತ್ತವೆ. ಅದಕ್ಕೆ ಸಿದ್ಧ ಡ್ರಮ್ ಸದ್ದನ್ನೇ ತುಂಬಬೇಕೆಂದಿಲ್ಲ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದ ತಮಟೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಅದನ್ನು ಹಿಡಿಯಲು ಶ್ಯೂರ್ ಎಸ್‌ಎಂ57ರಂಥ ಡೈನಮಿಕ್ ಮೈಕ್ ಸಾಕು; ಕಂಡೆನ್ಸರ್ ಇಟ್ಟರೆ ಬಿ.ಎಚ್. ರಸ್ತೆಯ ಲಾರಿಯೂ ಜೊತೆಗೆ ಬರುತ್ತದೆ. ಫ್ಯಾನ್ ಆಫ್, ಮೈಕ್ ಎರಡು ಮೂರು ಅಡಿ ದೂರ, ಗೇನ್ ತೀರ ಕೆಳಗೆ. ಬೆಂಕಿಗೆ ಕಾಯಿಸಿದ ತಮಟೆ ಆರುತ್ತ ಹೋದಂತೆ ಶ್ರುತಿ ಇಳಿಯುವುದರಿಂದ ಬೇಕಾದ ಪೆಟ್ಟುಗಳನ್ನೆಲ್ಲ ಒಂದೇ ಕಾವಿನಲ್ಲಿ ಹಿಡಿಯಬೇಕು, ಪ್ರತಿ ಪೆಟ್ಟನ್ನೂ ಮೆಲು, ನಡು, ಜೋರು ಎಂದು ಮೂರು ಸಲ. ಆಮೇಲೆ ಕತ್ತರಿಸುವಾಗ ಪೆಟ್ಟಿನ ಮುಂಚಿನ ಮೌನವನ್ನು ಪೂರಾ ತೆಗೆಯಿರಿ. ಹತ್ತು ಮಿಲಿಸೆಕೆಂಡು ಉಳಿದರೂ ಪ್ಯಾಡ್ ತಡವಾಗಿ ನುಡಿದಂತೆ ಕೇಳಿ, ತಪ್ಪನ್ನು ಬಫರಿನ ಮೇಲೆ ಹಾಕುತ್ತಾ ಕೂರಬೇಕಾಗುತ್ತದೆ.

ಕೇಬಲ್, ಕನೆಕ್ಟರ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸರಿ, ತುಮಕೂರಿನಿಂದ ರೈಲಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು. ಸ್ಕಾರ್ಲೆಟ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ವಿಷಯ ತಿಳಿದಿರಲಿ: ಜೊತೆಗೆ ಬರುವ ಸಾಫ್ಟ್‌ವೇರ್ ಮೊದಲು ನೋಂದಾಯಿಸಿದವರ ಪಾಲು, ಅದಕ್ಕೆ ಬೆಲೆ ಕಟ್ಟಬೇಡಿ. ಎರಡೂ ಮೈಕ್ ಜಾಕಿಗೆ 48 ವೋಲ್ಟ್ ಹಾಕಿ ನೋಡಿ, ಗೇನ್ ಗುಂಡಿ ಪೂರ್ತಿ ತಿರುಗಿಸಿ ಕರಕರ ಕೇಳಿ, ಹೆಡ್‌ಫೋನ್ ಜಾಕನ್ನು ಅಲುಗಾಡಿಸಿ ಒಂದು ಕಿವಿ ಆರುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ. ಮನೆಗೆ ತಂದು ಎಲ್ಲ ಜೋಡಿಸಿದ ಮೇಲೂ ಯಾವುದೋ ಒಂದು ಸ್ವರಕ್ಕೆ ಮಾತ್ರ ಝಿರ್ ಎಂದು ಸದ್ದು ಬರುತ್ತಿದ್ದರೆ ಸ್ಪೀಕರ್ ಬಿಚ್ಚುವ ಮುನ್ನ ಬೀರುವಿನ ಬಾಗಿಲ ಮೇಲೆ ಅಂಗೈ ಇಟ್ಟು ನೋಡಿ.